ಸೀಟು ಸಿಕ್ಕಿತು, ಆಮೇಲೆ?

ಪಿಯುಸಿ ಮುಗಿಸಿ ಡಿಗ್ರಿಗೆ ಸೇರಿದ ಹುಡುಗ ದೀಪಾವಳಿಗೆ ಊರಿಗೆ ಬರುತ್ತಾನೆ. ರಜೆ ಮುಗಿದರೂ ಹೊರಡುವುದಿಲ್ಲ. ಕೇಳಿದರೆ, ‘ಓದು ತಲೆಗೆ ಹತ್ತಲಿಲ್ಲ’ ಎನ್ನುತ್ತಾನೆ. ಮನೆಯವರೂ ನಂಬುತ್ತಾರೆ, ಕಾಲೇಜಿನವರೂ ಹಾಜರಿ ಪುಸ್ತಕದಲ್ಲಿ ಅವನ ಹೆಸರು ಹೊಡೆದುಹಾಕುತ್ತಾರೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಕಾಡಂಚಿನ ಊರುಗಳಿಗೆ ಇದು ಹೊಸ ಸುದ್ದಿಯಲ್ಲ. ಆದರೆ ದೋಷ ನಿಜವಾಗಿ ಹುಡುಗನ ತಲೆಯದೇ?

ಸಿದ್ದಿ ಮಕ್ಕಳ ಉದಾಹರಣೆಯನ್ನೇ ನೋಡೋಣ. ಇವರ ಪೂರ್ವಿಕರು ಪೂರ್ವ ಆಫ್ರಿಕಾದವರು. ಹಲವರನ್ನು ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದರು. ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಸಂತತಿ ಇಂದು ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ, ಶಿರಸಿ ಭಾಗಗಳಲ್ಲಿದೆ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ, ಅಂದರೆ ಸ್ವಾತಂತ್ರ್ಯ ಬಂದು 56 ವರ್ಷಗಳ ಮೇಲೆ. ಬೆಳಗಾವಿ ಮತ್ತು ಧಾರವಾಡ ಜಿಲ್ಲೆಗಳ ಸಿದ್ದಿಗಳು 2020ರ ತನಕ ಕಾಯಬೇಕಾಯಿತು. ಅದೇ 2020ರಲ್ಲಿ ಯಲ್ಲಾಪುರ ತಾಲೂಕಿನ, ಸಮುದಾಯದ ಮೊದಲ ಪದವೀಧರರಲ್ಲಿ ಒಬ್ಬರೆಂದು ಹೆಸರಾದ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. 2022ರಲ್ಲಿ ರಾಜ್ಯ ಸರ್ಕಾರ ಪರಿಶಿಷ್ಟ ಪಂಗಡದ ಮೀಸಲಾತಿಯನ್ನು ಶೇಕಡಾ 3ರಿಂದ 7ಕ್ಕೆ ಏರಿಸಿತು. ಬಾಗಿಲು ತೆರೆದಿದೆ ಎಂಬುದರಲ್ಲಿ ಸಂಶಯವಿಲ್ಲ.

ಬಾಗಿಲು ದಾಟಿದ ಮೇಲೇನು? ಅನೇಕ ಸಿದ್ದಿ ಮನೆಗಳಲ್ಲಿ ಆಡುವುದು ಕೊಂಕಣಿ ಬೆರೆತ ಮಾತು. ಶಾಲೆಯಲ್ಲಿ ಕಲಿತದ್ದು ಕನ್ನಡ. ವಿಜ್ಞಾನ ತೆಗೆದುಕೊಂಡರೆ ಪುಸ್ತಕವೆಲ್ಲ ಇಂಗ್ಲಿಷ್. ಪರಮಾಣು ರಚನೆ ಅರ್ಥವಾಗುವ ಮೊದಲು ಅದನ್ನು ಹೇಳುವ ವಾಕ್ಯ ಅರ್ಥವಾಗಬೇಕಲ್ಲ! ಇದರ ಜೊತೆಗೆ ಬಸ್ ನಿಲ್ದಾಣದಲ್ಲಿ, ತರಗತಿಯಲ್ಲಿ, ಗುಂಗುರು ಕೂದಲು ನೋಡಿ ‘ನೀನು ಯಾವ ದೇಶದವನು?’ ಎಂಬ ಪ್ರಶ್ನೆ. ನೂರಾರು ವರ್ಷಗಳಿಂದ ಇದೇ ಮಣ್ಣಿನಲ್ಲಿ ಬಾಳಿದ ಮನೆತನದ ಮಗುವಿಗೆ ಈ ಪ್ರಶ್ನೆ ಹೇಗಾಗುತ್ತದೆಂದು ಕೇಳುವವರು ಯೋಚಿಸುವುದಿಲ್ಲ.

ಇನ್ನು ಹಣದ ಮಾತು. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಇದೆ, ವಿದ್ಯಾರ್ಥಿನಿಲಯಗಳಿವೆ. ಆದರೆ ಖರ್ಚು ಜೂನ್, ಜುಲೈಯಲ್ಲೇ ಶುರುವಾಗುತ್ತದೆ. ವಿದ್ಯಾರ್ಥಿವೇತನ ಖಾತೆಗೆ ಬೀಳುವುದು ಎಷ್ಟೋ ತಿಂಗಳ ಮೇಲೆ. ಆ ನಡುವಿನ ತಿಂಗಳುಗಳನ್ನು ದಾಟಲಾಗದವನೇ ದೀಪಾವಳಿಗೆ ಬಂದು ಉಳಿದುಬಿಡುವವನು.

ಅರ್ಧಕ್ಕೆ ನಿಲ್ಲುವ ನೆರವಿನ ಕಥೆ ಸಿದ್ದಿಗಳಿಗೆ ಹಳೆಯದು. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ವಿಶೇಷ ಯೋಜನೆಯಡಿ ಸಿದ್ದಿ ಮಕ್ಕಳನ್ನು ಆಯ್ದು ಓಟ, ಜಿಗಿತಗಳಲ್ಲಿ ತರಬೇತಿ ಕೊಟ್ಟಿತು. ಕೆಲವರು ಪದಕಗಳನ್ನೂ ಗೆದ್ದರು. 1990ರ ದಶಕದ ಮೊದಲ ಭಾಗದಲ್ಲೇ ಆ ಯೋಜನೆ ನಿಂತಿತು. ಮಕ್ಕಳ ಕಾಲಿನ ಬಲವೇನೂ ಕುಂದಿರಲಿಲ್ಲ. ಹಿಂದಿದ್ದ ಆಸರೆ ಹೋಯಿತು.

ಬೇರೆ ದೇಶಗಳೂ ಈ ಪಾಠವನ್ನು ತಡವಾಗಿಯೇ ಕಲಿತವು. ಆಸ್ಟ್ರೇಲಿಯಾದ ಸಿಡ್ನಿ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1850ರಲ್ಲಿ. ಚಾರ್ಲ್ಸ್ ಪರ್ಕಿನ್ಸ್ ಎಂಬ ಮೂಲನಿವಾಸಿ ತರುಣ ಅಲ್ಲಿ ಪದವಿ ಪಡೆದದ್ದು 1966ರಲ್ಲಿ. ಇಂದು ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಮೂಲನಿವಾಸಿ ವಿದ್ಯಾರ್ಥಿಗಳಿಗೆಂದೇ ಕೇಂದ್ರಗಳಿವೆ. ಕುಳಿತು ಓದಲು ಜಾಗ, ಕಷ್ಟದ ವಿಷಯಕ್ಕೆ ಪ್ರತ್ಯೇಕ ಪಾಠ, ಅರ್ಜಿ ತುಂಬಲು ಸಹಾಯ, ಮನಸ್ಸು ಬಿಚ್ಚಿ ಮಾತಾಡಲು ಒಬ್ಬ ಹಿರಿಯರು, ಎಲ್ಲವೂ ಒಂದೇ ಸೂರಿನಡಿ.

ನಮ್ಮ ಮೂರೂ ಊರುಗಳ ಪದವಿ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದವು. ವಿಶ್ವವಿದ್ಯಾಲಯಗಳಲ್ಲಿ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಘಟಕ ಇರಬೇಕೆಂದು ಯುಜಿಸಿ ಹೇಳುತ್ತ ಬಂದಿದೆ. ಧಾರವಾಡದ ಕಚೇರಿ ಯಲ್ಲಾಪುರದ ಹುಡುಗಿಗೆ ದೂರ. ಅವಳಿಗೆ ಬೇಕಾದದ್ದು ತನ್ನ ಕಾಲೇಜಿನಲ್ಲೇ, ಹೆಸರು ಹಿಡಿದು ಕರೆಯುವ ಒಬ್ಬ ಉಪನ್ಯಾಸಕರು.

ಅಡಿಕೆ ಬೆಳೆಯುವ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಳೆಯ ಅಡಿಕೆ ಸಸಿ ಪಡುವಣ ಬಿಸಿಲಿಗೆ ಸುಟ್ಟುಹೋಗುತ್ತದೆಂದು ನಡುವೆ ಬಾಳೆ ಹಾಕುತ್ತಾರೆ. ಸಸಿ ಬಿಸಿಲು ತಡೆಯುವಷ್ಟಾದ ಮೇಲೆ ಬಾಳೆಯ ನೆರಳು ಬೇಕಿಲ್ಲ. ನೆರಳು ಬೇಕಾಯಿತೆಂದು ಸಸಿಯನ್ನು ಯಾರೂ ಬಡಕಲು ತಳಿ ಎನ್ನುವುದಿಲ್ಲ. ಕಾಲೇಜಿನ ಮೊದಲ ವರ್ಷ ಇಂಥದೇ ಬೇಸಿಗೆ.

ಆ ಬೇಸಿಗೆಯಲ್ಲಿ ಕಾಲೇಜು ಮಾಡಬಹುದಾದದ್ದು ದೊಡ್ಡದೇನಲ್ಲ. ಮೊದಲ ತಿಂಗಳಲ್ಲೇ ಅರ್ಜಿಗಳನ್ನು ಕುಳ್ಳಿರಿಸಿ ತುಂಬಿಸುವುದು, ಮೊದಲ ಕಿರುಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದವರಿಗೆ ಸಂಜೆ ಕನ್ನಡದಲ್ಲೇ ವಿವರಿಸುವುದು, ಎರಡು ವಾರ ಬಾರದವರ ಮನೆಗೆ ಸುದ್ದಿ ಮುಟ್ಟಿಸುವುದು, ಮೇಲಿನ ತರಗತಿಯ ಒಬ್ಬರನ್ನು ಜೊತೆ ಮಾಡುವುದು.

ಪಾಲಕರ ಕೆಲಸವೂ ಇದೆ. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ಫಲಿತಾಂಶ ಬರುವ ಮೊದಲೇ ನಾಡಕಚೇರಿಯಿಂದ ಪಡೆದಿಡಬೇಕು. ಅದರಲ್ಲಿರುವ ಆರ್‌.ಡಿ. ಸಂಖ್ಯೆ ವಿದ್ಯಾರ್ಥಿವೇತನದ ಅರ್ಜಿಗೆ ಬೇಕು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ನೋಡಿಕೊಳ್ಳಬೇಕು. ಅಂಕಪಟ್ಟಿಯಲ್ಲಿ ಹೆಸರಿನ ಕೊನೆಗೆ ‘ಸಿದ್ದಿ’ ಎಂದಿದ್ದು ಆಧಾರ್‌ನಲ್ಲಿ ಅದಿಲ್ಲದಿದ್ದರೆ ಅರ್ಜಿ ಅಲ್ಲೇ ಸಿಕ್ಕಿಬೀಳಬಹುದು. ಇಂಥ ವ್ಯತ್ಯಾಸವನ್ನು ಬೇಸಿಗೆ ರಜೆಯಲ್ಲೇ ಸರಿಪಡಿಸಿಕೊಳ್ಳುವುದು ಜಾಣತನ.

ಇನ್ನೊಂದು ಮಾತು. ಇದೇ ಜಿಲ್ಲೆಯ ಕುಣಬಿ, ಗೌಳಿ, ಹಾಲಕ್ಕಿ ಒಕ್ಕಲಿಗ ಸಮುದಾಯಗಳೂ ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂದು ಬಹುಕಾಲದಿಂದ ಕೇಳುತ್ತಿವೆ. ಪಟ್ಟಿಯ ತೀರ್ಮಾನ ದಿಲ್ಲಿಯದು. ಆದರೆ ಸಂಜೆಯ ಪಾಠಕ್ಕೂ, ಜೊತೆಗಾರನ ಸ್ನೇಹಕ್ಕೂ ಯಾವ ಪಟ್ಟಿಯೂ ಅಡ್ಡಬಾರದು.

ವಿದ್ಯಾರ್ಥಿಗಳೇ, ನಿಮ್ಮ ಪಕ್ಕದ ಬೆಂಚಿನ ಹುಡುಗ ಹತ್ತು ದಿನ ಬರದಿದ್ದರೆ ಅವನ ಊರಿನ ಬಸ್ಸಿನಲ್ಲಿ ಬರುವವರನ್ನು ಕೇಳಿ ನೋಡಿ. ನಿಮ್ಮ ನೋಟ್ಸು ಕಳಿಸಿಕೊಡಿ. ಮುಂದಿನ ಸೋಮವಾರ ಅವನು ಬಂದರೂ ಬಂದಾನು.