ಮನೆವಾರ್ತೆ: ನೆಲವೇ ಡೊಂಕಾದಾಗ

“ಕುಣಿಯಲಾರದವಳು ನೆಲ ಡೊಂಕೆಂದಳಂತೆ” ಎಂಬ ಗಾದೆಯನ್ನು ನೀವೆಲ್ಲ ಬಲ್ಲಿರಷ್ಟೆ. ನಮ್ಮ ಮನೆಯಲ್ಲಿ ಕುಣಿಯುವವರು ಯಾರೂ ಇಲ್ಲ. ಇರುವವರು ನಾವಿಬ್ಬರು, ಜೊತೆಗೆ ಎಪ್ಪತ್ತೆಂಟು ವರ್ಷದ ನಮ್ಮ ಅತ್ತೆಯವರು. ಆದರೂ ನೆಲ ಡೊಂಕಾಯಿತು. ಅದೂ ಹಣ ಸುರಿದು ಹೊಸದಾಗಿ ಹಾಕಿಸಿದ ಮರದ ನೆಲ! ಈ ಸಲದ ಮನೆವಾರ್ತೆ ಅದರದೇ.

ಮುಂಬಯಿಯಲ್ಲಿ ನಮ್ಮದು ಮೂರನೆಯ ಅಂತಸ್ತಿನ ಹಳೆಯ ಮನೆ. ಮೊಸಾಯಿಕ್ ನೆಲದ ತಂಪು ಅತ್ತೆಯವರ ಮೊಣಕಾಲಿಗೆ ಆಗಿಬರುವುದಿಲ್ಲವೆಂದು 2024ರ ಮೇ ತಿಂಗಳಲ್ಲಿ ಹಾಲಿಗೂ ಅವರ ಕೋಣೆಗೂ ಮರ ಹಾಸಿಸಿದೆವು. ಮರವೆಂದರೆ ಅಜ್ಜನ ಮನೆಯ ಅಟ್ಟದ ತೇಗದ ಹಲಗೆಯಲ್ಲ. ಕೆಳಗೆ ಪ್ಲೈವುಡ್ಡಿನ ಪದರ, ಮೇಲೆ ತೆಳ್ಳಗೆ ಒಳ್ಳೆಯ ಮರ; ಒಂದಕ್ಕೊಂದು ಸಿಕ್ಕಿಸುತ್ತ ಹೋಗುವ ಹಲಗೆಗಳು. ಮೊಳೆಯಿಲ್ಲ, ಅಂಟಿಲ್ಲ, ಕೆಳಗೊಂದು ಫೋಮಿನ ಹಾಸು. ಕೆಲಸ ಹಿಡಿದವನು ಸಂಘದ ಸಮಾರಂಭದಲ್ಲಿ ಪರಿಚಯವಾದವನು, ಅತ್ತೆಯವರಂತೆ ಧಾರವಾಡದ ಕಡೆಯವನು. “ನಮ್ಮವನು” ಎಂಬ ಒಂದೇ ಮಾತಿಗೆ ನಾವು ಕರಾರು ಬರೆಸಲಿಲ್ಲ, ಕೆಲಸ ಮುಗಿದ ದಿನವೇ ಪೂರ್ತಿ ಹಣ ಎಣಿಸಿಕೊಟ್ಟೆವು.

ಜುಲೈ ಮಳೆ ಹಿಡಿಯಿತು. ಬಾಲ್ಕನಿಯ ಬಾಗಿಲ ಬಳಿ ಹಲಗೆಗಳು ಡೇರೆಯಂತೆ ಮೇಲೆದ್ದವು. ಹಾಲಿನ ನಡುವೆ ಕಾಲಿಟ್ಟರೆ ನೆಲ ಕುಗ್ಗಿ ‘ಟಕ್’ ಎನ್ನತೊಡಗಿತು. ಫೋನು ಮಾಡಿದರೆ, “ಅಕ್ಕಾರ, ಮಳಿಗಾಲ ಮುಗೀಲಿ, ತಾನಽ ಕೂಡ್ತದ” ಎಂಬ ಉತ್ತರ. ನಮ್ಮವನಲ್ಲವೆ? ಸುಮ್ಮನಾದೆ.

ಆದರೆ ಇನ್ನೊಂದು ಸಂಗತಿ ನನ್ನ ಗಮನಕ್ಕೆ ಬರಲು ತಡವಾಯಿತು. ಮಧ್ಯಾಹ್ನ ಹಾಲಿನ ಕಿಟಕಿಯ ಬಳಿ ಕುಳಿತು ರಸ್ತೆ ನೋಡುವುದು ಅತ್ತೆಯವರ ಹಲವು ವರ್ಷಗಳ ರೂಢಿ. ಅವರು ಕೋಣೆ ಬಿಟ್ಟು ಹೊರಗೆ ಬರುವುದೇ ನಿಂತಿತ್ತು. ಕೇಳಿದರೆ, “ನೆಲದ ತಪ್ಪಲ್ಲವಾ, ನನ್ನ ಕಾಲಽ ಸೋತಾವ. ಎರಡು ಸಲ ಮುಗ್ಗರಿಸಿದೆ” ಎಂದರು. ನಾವೂ ಅದನ್ನೇ ನಂಬಿ ಡಾಕ್ಟರರಲ್ಲಿಗೆ ಕರೆದೊಯ್ಯುವ ಮಾತಾಡಿದೆವು. ಆ ರಾತ್ರಿ ನೀರು ತರಲು ಎದ್ದವಳು ಅದೇ ಜಾಗದಲ್ಲಿ ನಾನೂ ಎಡವಿದೆ. ನನ್ನ ಕಾಲಂತೂ ಸೋತಿರಲಿಲ್ಲ!

ಮರುದಿನವೇ ಪರೀಕ್ಷೆಗೆ ಕುಳಿತೆ. ಸೋದರಿಯರೇ, ಇದಕ್ಕೆ ಇಂಜಿನಿಯರೇ ಆಗಬೇಕೆಂದಿಲ್ಲ. ಗಾರೆಯವರ ಬಳಿ ಇರುವ ಎರಡು ಮೀಟರಿನ ನೇರವಾದ ಅಲ್ಯೂಮಿನಿಯಂ ಪಟ್ಟಿಯನ್ನು ನೆಲದ ಮೇಲಿಟ್ಟು, ಕೆಳಗೆ ಎಷ್ಟು ಸಂದು ಬಿಡುತ್ತದೆಂದು ನೋಡಿರಿ. ಎರಡು ಮೀಟರಿಗೆ ಸುಮಾರು 3 ಮಿಲಿಮೀಟರಿಗಿಂತ ಹೆಚ್ಚು ಏರುತಗ್ಗು ಇರಬಾರದೆಂಬುದು ಸಾಮಾನ್ಯ ಲೆಕ್ಕ. ನಿಮ್ಮ ಹಲಗೆಯ ನಿಜವಾದ ಲೆಕ್ಕ ಅದರ ಪೆಟ್ಟಿಗೆಯ ಕಾಗದದಲ್ಲಿರುತ್ತದೆ. ಪಟ್ಟಿ ಸಿಗದಿದ್ದರೆ ಎರಡು ತುದಿಗೆ ಒಂದೊಂದು ರೂಪಾಯಿ ನಾಣ್ಯವಿಟ್ಟು, ಅವುಗಳ ಮೇಲೆ ದಾರವನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ಅಂಥದೇ ಮೂರನೆಯ ನಾಣ್ಯವನ್ನು ದಾರದ ಕೆಳಗೆ ಸರಿಸುತ್ತ ಹೋಗಿರಿ. ಅದು ದಾರವನ್ನು ಎತ್ತಿದಲ್ಲಿ ಉಬ್ಬು, ಸಂದು ಬಿಟ್ಟಲ್ಲಿ ತಗ್ಗು. ಸೀಮೆಸುಣ್ಣದಿಂದ ಗುರುತು ಹಾಕಿ, ಫೋಟೋ ತೆಗೆದಿಡಿ.

ಡೊಂಕಿನಲ್ಲಿಯೂ ಬಗೆಗಳುಂಟು. ಒಂದೊಂದು ಹಲಗೆಯ ಅಂಚು ಎದ್ದು ನಡು ತಗ್ಗಿದ್ದರೆ ಕೆಳಗಿನಿಂದ ತೇವ ಏರುತ್ತಿದೆಯೆಂದು ತಿಳಿಯಿರಿ. ಸಾಲು ಸಾಲೇ ಡೇರೆಯಂತೆ ಎದ್ದಿದ್ದರೆ ಗೋಡೆಯ ಬಳಿ ಜಾಗ ಬಿಟ್ಟಿಲ್ಲವೆಂದರ್ಥ. ಮರವು ತೇವ ಹೀರಿ ಅಗಲಕ್ಕೆ ಹಿಗ್ಗುತ್ತದೆ, ಉದ್ದಕ್ಕೆ ಬಹಳ ಕಡಿಮೆ. ಹಿಗ್ಗಲು ಸುತ್ತಲೂ 8–10 ಮಿಲಿಮೀಟರ್ ಸಂದು ಬೇಕು. ಆ ಸಂದನ್ನು ಸ್ಕರ್ಟಿಂಗ್ ಪಟ್ಟಿ ಮುಚ್ಚುತ್ತದೆ. ಕಾಲಿಟ್ಟಲ್ಲಿ ಕುಗ್ಗಿ ಸದ್ದು ಮಾಡಿದರೆ ಕೆಳಗಿನ ಹಳೆಯ ನೆಲವೇ ಮಟ್ಟವಾಗಿಲ್ಲ. ನಮ್ಮಲ್ಲಿ ಕಡೆಯ ಎರಡು ದೋಷಗಳೂ ಇದ್ದವು. ಹಾಲಿನ ನಡುವೆ ಹಿಂದೆಂದೋ ಗೋಡೆ ಒಡೆದು ಸಿಮೆಂಟು ತುಂಬಿದ್ದ ಜಾಗ ಉಬ್ಬಿಕೊಂಡಿತ್ತು; ಅದರ ಮೇಲೆಯೇ ಹಲಗೆ ಹಾಸಿಬಿಟ್ಟಿದ್ದರು.

ನಮ್ಮ ತಪ್ಪನ್ನೂ ಹೇಳಿಬಿಡುತ್ತೇನೆ. ಹಲಗೆಯ ಪೆಟ್ಟಿಗೆಗಳು ಮನೆಯ ಹವೆಗೆ ಹೊಂದಿಕೊಳ್ಳಲು ಎರಡು ದಿನವಾದರೂ ಕೋಣೆಯಲ್ಲಿರಬೇಕಿತ್ತು. ಪೂಜೆಯ ದಿನ ಹತ್ತಿರ ಬಂತೆಂದು ಅವಸರ ಮಾಡಿದವರು ನಾವೇ. ಮೇಲಾಗಿ, ಮೊಸಾಯಿಕ್ ನೆಲದ ಅಭ್ಯಾಸದಂತೆ ದಿನವೂ ಬಕೆಟ್ ನೀರಿನಲ್ಲಿ ಬಟ್ಟೆ ಅದ್ದಿ ಒರೆಸುತ್ತಿದ್ದೆವು. ಮರಕ್ಕೆ ಚೆನ್ನಾಗಿ ಹಿಂಡಿದ ಬಟ್ಟೆ ಸಾಕು.

ಇಷ್ಟು ತಿಳಿದ ಮೇಲೆ ನಾನು ಜಗಳವಾಡಲಿಲ್ಲ, ಪತ್ರ ಬರೆದೆ. ಕೆಲಸದ ತಾರೀಕು, ಕೊಟ್ಟ ಹಣ, ಅಳತೆ, ಫೋಟೋ, ಏನು ಸರಿಪಡಿಸಬೇಕು, ಎಂದಿನೊಳಗೆ—ಇಷ್ಟೇ. ಆತ ಬಂದ. ಮುಖ ಬಿಗಿದಿತ್ತು. ಪಟ್ಟಿಯನ್ನು ಅವನ ಕೈಗೇ ಕೊಟ್ಟು ಅಳೆಯಲು ಹೇಳಿದೆ. ಅಳೆದು ಎದ್ದವನು, “ಮಷೀನಿನಿಂದ ತಿಕ್ಕಿ ಸಮ ಮಾಡ್ತೀನ್ರಿ” ಎಂದ. ಇದಕ್ಕೆ ಮಾತ್ರ ಒಪ್ಪಬೇಡಿರಿ. ಮೇಲಿನ ಮರ ತೆಳುವು, ತಿಕ್ಕಿದರೆ ಪ್ಲೈವುಡ್ ಕಾಣಿಸೀತು. ಲ್ಯಾಮಿನೇಟನ್ನಂತೂ ತಿಕ್ಕುವಂತೆಯೇ ಇಲ್ಲ. ಗಟ್ಟಿ ಮರವಾದರೂ ತೇವದಿಂದ ಅಂಚೆದ್ದಿರುವಾಗ ತಿಕ್ಕಿದರೆ, ಒಣಗಿದ ಮೇಲೆ ಅಂಚು ತಗ್ಗಿ ನಡು ಉಬ್ಬುತ್ತದೆ.

ದೀಪಾವಳಿ ಕಳೆದು ಹವೆ ಒಣಗಿದ ಮೇಲೆ ಕೆಲಸ ನಡೆಯಿತು. ಅಲ್ಲಿಯವರೆಗೆ ಉಬ್ಬಿನ ಜಾಗಕ್ಕೆ ಕುರ್ಚಿ ಅಡ್ಡವಿಟ್ಟು, ಅತ್ತೆಯವರಿಗೆ ಗೋಡೆಯ ಪಕ್ಕದಲ್ಲಿ ದಾರಿ ಮಾಡಿದ್ದೆವು. ಸ್ಕರ್ಟಿಂಗ್ ಕಿತ್ತು, ಗೋಡೆಯ ಬದಿಯಿಂದ ಒಂದೊಂದೇ ಹಲಗೆ ಬಿಚ್ಚಿ, ಹಿಂದೆ ನಂಬರ್ ಬರೆದಿಟ್ಟರು. ಉಬ್ಬಿದ ಸಿಮೆಂಟನ್ನು ಉಜ್ಜಿ ಇಳಿಸಿ, ತಗ್ಗಿಗೆ ತಾನಾಗಿ ಹರಿದು ಮಟ್ಟವಾಗುವ ಗಾರೆ ಹೊಯ್ದು, ಪೂರ್ತಿ ಒಣಗಲು ಬಿಟ್ಟು, ಪಟ್ಟಿಯಿಟ್ಟು ನೋಡಿ, ಮತ್ತೆ ಫೋಮ್ ಹಾಸಿ ಜೋಡಿಸಿದರು. ಸುತ್ತಲೂ ಸಂದು ಬಿಟ್ಟರು. ಸಿಕ್ಕು ಮುರಿದಿದ್ದ ನಾಲ್ಕು ಹಲಗೆ ಬದಲಾದವು. ಕೂಲಿ ಅವನದು, ಸಾಮಾನಿನ ಹಣ ನಮ್ಮದು ಎಂದು ತೀರ್ಮಾನವಾಯಿತು. ನಮ್ಮ ಅವಸರಕ್ಕೂ ಅಷ್ಟು ದಂಡ ನ್ಯಾಯವೇ.

ಅವನು ಬಾರದೆ ಹೋಗಿದ್ದರೆ? 1915 ಎಂಬ ಗ್ರಾಹಕರ ಸಹಾಯವಾಣಿಯುಂಟು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಜಿಲ್ಲಾ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ಅದಕ್ಕೆ ಬೇಕಾದ ಮೊದಲ ಆಧಾರ ರಸೀದಿ. ಆದ್ದರಿಂದ, ನಮ್ಮವನಾದರೂ ಸರಿ, ಕರಾರು ಬರೆಸಿರಿ. ಒಂದು ಮಳೆಗಾಲ ಕಳೆಯುವವರೆಗೆ ಹತ್ತನೆಯ ಒಂದು ಪಾಲು ಹಣ ಉಳಿಸಿಕೊಳ್ಳುವುದಾಗಿ ಮೊದಲೇ ಮಾತಾಡಿಕೊಳ್ಳಿರಿ. ಬರೆದ ಕರಾರು ಸ್ನೇಹವನ್ನು ಕೆಡಿಸುವುದಿಲ್ಲ, ಕಾಯುತ್ತದೆ. ಆತ ಈಗಲೂ ಸಂಘದ ಕಾರ್ಯಕ್ರಮಕ್ಕೆ ಬಂದಾಗ ನಮ್ಮ ಪಕ್ಕದಲ್ಲಿಯೇ ಕುಳಿತುಕೊಳ್ಳುತ್ತಾನೆ.

ಹಲಗೆ ಜೋಡಿಸಿದ ಮರುದಿನ ಮಧ್ಯಾಹ್ನ ಅತ್ತೆಯವರು ಕೋಲು ಊರಿಕೊಂಡು ಮೆಲ್ಲಗೆ ಹಾಲಿಗೆ ಬಂದರು. ನಡುವೆ ನಿಂತು, ಕಾಲಿನಿಂದ ನೆಲವನ್ನೊಮ್ಮೆ ಒತ್ತಿ ನೋಡಿ, ಕಿಟಕಿಯ ಬಳಿ ಹೋಗಿ ಕುಳಿತರು. “ಕುಣೀಲಾರದಾಕಿ ಅಂತ ನನ್ನ ನಾನಽ ಬೈಕೊಂಡಿದ್ದೆ. ಖರೇನಽ ನೆಲ ಡೊಂಕಿತ್ತಲ್ಲವಾ!” ಎಂದು ನಕ್ಕರು.

ನಿಮ್ಮ ಮನೆಯ ಹಿರಿಯರು ಕಾಲು ಸೋತಿತೆಂದಾಗ ಡಾಕ್ಟರರನ್ನು ಕಾಣಿಸಿರಿ, ಬೇಡವೆನ್ನುವುದಿಲ್ಲ. ಆದರೆ ಒಮ್ಮೆ ನೆಲವನ್ನೂ ನೋಡಿರಿ.