ಕೊನೆಯ ಪಟ್ಟೆ ಮೊದಲಿನದನ್ನು ಕೂಡುವಲ್ಲಿ

ವಿವಾಹದ ಸತ್ಕಾರಕೂಟದಲ್ಲಿ ಕೇಕಿನ ಮೇಜನ್ನು ಗೋಡೆಗೆ ಒತ್ತಿ ಇರಿಸಿದ್ದರೆ, ಸ್ಥಳಾಭಾವವೊಂದೇ ಅದಕ್ಕೆ ಕಾರಣವೆಂದು ತಿಳಿಯಬೇಕಾಗಿಲ್ಲ. ಕೇಕನ್ನು ಸಿಂಗರಿಸಿದಾಕೆ ಬೇಕೆಂದೇ ಹಾಗೆ ಇಡಿಸಿರಬಹುದು. ಮುಂಭಾಗದಲ್ಲಿ ಬಿಳಿ, ಗುಲಾಬಿ ಪಟ್ಟೆಗಳು ಕವಾಯತಿಗೆ ನಿಂತ ಸಿಪಾಯಿಗಳಂತೆ ನೆಟ್ಟಗಿರುತ್ತವೆ. ಆದರೆ ಹಿಂದುಗಡೆ, ಕೊನೆಯ ಪಟ್ಟೆ ಮೊದಲಿನದನ್ನು ಸಂಧಿಸುವಲ್ಲಿ, ಎರಡು ಗುಲಾಬಿಗಳು ಒಂದಕ್ಕೊಂದು ಅಂಟಿಕೊಂಡೋ, ಬಿಳಿಯದೊಂದು ಸಣಕಲಾಗಿಯೋ ನಿಂತಿರುತ್ತದೆ. ಹಿರಿಯರು ಕಂಡರೂ ಕಾಣದಂತಿರುವರು. ಮೇಜಿನ ಹಿಂದೆ ನುಸುಳುವ ಮಕ್ಕಳು ಸುಮ್ಮನಿರುವರೆ?

ಮದುವೆಯ ಕೇಕಿಗೆ ಹೊರಮೈಯ ಅಂದವು ಎಷ್ಟು ಮುಖ್ಯವೆಂಬುದನ್ನು ಇಂಗ್ಲೆಂಡಿನವರು ಯುದ್ಧಕಾಲದಲ್ಲಿ ಚೆನ್ನಾಗಿ ಅರಿತರು. 1940ರಲ್ಲಿ ಅಲ್ಲಿನ ಸರ್ಕಾರವು, ಬೆಂದ ಕೇಕಿನ ಮೇಲೆ ಸಕ್ಕರೆಯ ಲೇಪ ಹಚ್ಚುವುದನ್ನು ನಿಷೇಧಿಸಿತು. ಆಗ ಜನರು ಸಣ್ಣದೊಂದು ಕೇಕಿನ ಮೇಲೆ ರಟ್ಟಿನಿಂದ ಮಾಡಿದ ಹುಸಿ ಕೇಕನ್ನು ಕವಚಿ ಮದುವೆಯ ಶಾಸ್ತ್ರವನ್ನು ಪೂರೈಸಿದರು. ಸಕ್ಕರೆಯ ಪಡಿತರ ಮುಗಿದದ್ದು 1953ರಲ್ಲಿ. ನಮ್ಮಲ್ಲಿಯೂ ಮಂಗಳೂರು, ಬೆಂಗಳೂರುಗಳ ಕ್ರೈಸ್ತ ಕುಟುಂಬಗಳಲ್ಲಿ ವಧೂವರರು ಜೊತೆಯಾಗಿ ಕೇಕನ್ನು ಕತ್ತರಿಸುವುದು ಸಂಭ್ರಮದ ಗಳಿಗೆ. ಅದನ್ನು ಮನೆಯ ಹೆಣ್ಣುಮಕ್ಕಳೇ ಸಿಂಗರಿಸಹೊರಟಾಗ, ಪಟ್ಟೆಗಳು ಸುಲಭವೆಂದು ತೋರುವುದು ಸಹಜ. ಹೂವಿನ ಎಸಳು ತುಸು ಸೊಟ್ಟಗಾದರೆ ಅದೂ ಒಂದು ಚೆಲುವೇ. ಪಟ್ಟೆಗೆ ಆ ರಿಯಾಯಿತಿಯಿಲ್ಲ.

ತಪ್ಪು ಕೈಯದಲ್ಲ, ಕ್ರಮದ್ದು. ಹನ್ನೆರಡು ಅಂಗುಲ ಅಡ್ಡಳತೆಯ ದುಂಡು ಕೇಕಿನ ಸುತ್ತಳತೆ ಸುಮಾರು 37.7 ಅಂಗುಲ. ಒಂದೊಂದು ಅಂಗುಲದ ಪಟ್ಟೆಗಳನ್ನು ಮುಂಭಾಗದಿಂದ ಅಂಟಿಸುತ್ತ ಹೋದರೆ, 37 ಪಟ್ಟೆಗಳು ಮುಗಿದು ಮುಕ್ಕಾಲು ಅಂಗುಲದಷ್ಟು ಜಾಗ ಉಳಿಯುತ್ತದೆ. ಮೇಲಾಗಿ 37 ಬೆಸಸಂಖ್ಯೆ. ಮೊದಲಿನದು ಗುಲಾಬಿಯಾದರೆ ಕೊನೆಯದೂ ಗುಲಾಬಿಯೇ. ಅಷ್ಟೇ ಅಲ್ಲ, ಪಟ್ಟೆಯೊಂದಕ್ಕೆ ಅಂಗುಲದ ಮೂವತ್ತೆರಡರಲ್ಲಿ ಒಂದು ಪಾಲು ಏರುಪೇರಾದರೂ, 32 ಪಟ್ಟೆಗಳಾಗುವಷ್ಟರಲ್ಲಿ ಒಂದು ಅಂಗುಲವೇ ತಪ್ಪಿಹೋಗುತ್ತದೆ.

ರಂಗೋಲಿ ಬರೆಯುವ ಗೃಹಿಣಿಗೆ ಇದರ ಪರಿಹಾರ ಹೊಸದಲ್ಲ. ಆಕೆ ಮೊದಲು ಚುಕ್ಕಿಗಳನ್ನಿಟ್ಟು, ಅನಂತರ ಗೆರೆ ಎಳೆಯುತ್ತಾಳೆ. ಇಲ್ಲಿಯೂ ಅಷ್ಟೆ. ಸಕ್ಕರೆಯ ಹೊದಿಕೆ ಹಾಕಿಯಾದ ಮೇಲೆಯೇ ಅಳತೆ ಮಾಡತಕ್ಕದ್ದು. ಏಕೆಂದರೆ ಹೊದಿಕೆಯಿಂದ ಸುತ್ತಳತೆ ಹೆಚ್ಚುತ್ತದೆ. ತೆಳುವಾದ ಶುಭ್ರ ಕಾಗದದ ಪಟ್ಟಿಯೊಂದನ್ನು ಕೇಕಿನ ಸುತ್ತ ಸರಿಯಾಗಿ ಸುತ್ತಿ, ತುದಿಗಳು ಕೂಡುವಲ್ಲಿ ಕತ್ತರಿಸಬೇಕು. ಅದನ್ನು ಅರ್ಧಕ್ಕೆ, ಮತ್ತೆ ಅರ್ಧಕ್ಕೆ, ಹೀಗೆ ಐದು ಸಲ ಮಡಿಸಿದರೆ 32 ಸಮಭಾಗಗಳಾಗುತ್ತವೆ. ಪಟ್ಟಿಯನ್ನು ಬಿಡಿಸಿ ಮತ್ತೆ ಕೇಕಿಗೆ ಸುತ್ತಿ, ಮಡಿಕೆ ಇರುವಲ್ಲೆಲ್ಲ ಹಲ್ಲುಕಡ್ಡಿಯ ಮೊನೆಯಿಂದ ಮೆಲ್ಲಗೆ ಗುರುತು ಮಾಡಬೇಕು. ಬಿಳಿಯ ಹೊದಿಕೆಯ ಮೇಲೆ ಒಂದು ಬಿಟ್ಟು ಒಂದು ಭಾಗಕ್ಕೆ 16 ಗುಲಾಬಿ ಪಟ್ಟೆಗಳು ಸಾಕು.

ಮೂರು ಅಂತಸ್ತಿನ ಕೇಕಾದರೂ ಅಂಜಬೇಕಾಗಿಲ್ಲ. 12, 9, 6 ಅಂಗುಲದ ಅಂತಸ್ತುಗಳಿಗೆ ಕ್ರಮವಾಗಿ 32, 24, 16 ಭಾಗಗಳನ್ನು ಮಾಡಿದರೆ ಮೂರರಲ್ಲಿಯೂ ಪಟ್ಟೆಯ ಅಗಲ ಹೆಚ್ಚುಕಡಿಮೆ ಒಂದೇ ಆಗುತ್ತದೆ. ನಡುವಿನದನ್ನು ಮೊದಲು ಮೂರು ಮಡಿಕೆ ಮಾಡಿ, ಅನಂತರ ಮೂರು ಸಲ ಅರ್ಧಕ್ಕೆ ಮಡಿಸಿದರೆ 24.

ಪಟ್ಟೆಗಳಿಗಾಗಿ ಬಣ್ಣ ಬೆರೆಸಿದ ಸಕ್ಕರೆಯ ಕಣಕವನ್ನು, ಪೇಟೆಯಲ್ಲಿ ಫಾಂಡೆಂಟ್ ಎನ್ನುವುದನ್ನು, ತೆಳುವಾಗಿ ಲಟ್ಟಿಸಿ, ಕಾಗದದ ಒಂದು ಮಡಿಕೆಯ ಅಗಲಕ್ಕೆ ಅಡಿಕೋಲಿಟ್ಟು ಕೊಯ್ಯಬೇಕು. ಕೊಯ್ದೊಡನೆ ಎತ್ತಿದರೆ ಪಟ್ಟೆ ಜಗ್ಗಿ ಉದ್ದವಾಗುತ್ತದೆ. ಕೆಲವು ನಿಮಿಷ ಆರಲು ಬಿಡುವುದು ಲೇಸು. ಕುಂಚದಿಂದ ಬರಿಯ ತೇವದಷ್ಟೇ ನೀರು ಸವರತಕ್ಕದ್ದು. ಹೆಚ್ಚಾದರೆ ಬಣ್ಣ ಹರಿದು ಬಿಳುಪು ಕೆಡುತ್ತದೆ. ಮೊದಲು ನಾಲ್ಕು ದಿಕ್ಕಿಗೆ ನಾಲ್ಕು ಪಟ್ಟೆಗಳನ್ನು ಅಂಟಿಸಿ, ಬಳಿಕ ನಡುನಡುವೆ ತುಂಬುತ್ತ ಬರಬೇಕು. ಹಲಗೆಯ ಮೇಲೆ ಮೂಲೆಮಟ್ಟವನ್ನು ನಿಲ್ಲಿಸಿ ನೋಡಿಕೊಂಡರೆ ಪಟ್ಟೆ ವಾಲುವುದಿಲ್ಲ. ಕರಾವಳಿಯ ಸೆಕೆಯಲ್ಲಿ, ತಣ್ಣನೆಯ ಪೆಟ್ಟಿಗೆಯಿಂದ ತೆಗೆದ ಕೇಕು ಬೆವರುತ್ತದೆಂಬುದನ್ನೂ ಮರೆಯಬಾರದು.

ಕಾಗದ ಮಡಿಸಿ ಗುರುತು ಮಾಡಲು ಅರ್ಧ ಗಂಟೆ ಹಿಡಿದೀತು. ಮದುವೆಯ ಹಿಂದಿನ ರಾತ್ರಿ ಆ ಅರ್ಧ ಗಂಟೆ ದುಬಾರಿಯೆನಿಸುವುದು ನಿಜ. ಆದರೆ ಮಾರನೆಯ ದಿನ ಕೇಕಿನ ಮೇಜನ್ನು ಸಭಾಂಗಣದ ನಟ್ಟನಡುವೆ ಇಡಿಸಬಹುದು; ಮಕ್ಕಳು ಎಷ್ಟು ಸುತ್ತು ಬೇಕಾದರೂ ಸುತ್ತಲಿ.