ತೆಳುಗಾಳಿಯ ಲೆಕ್ಕಾಚಾರ: ಗುಬ್ಬಿ ಘಟಕದ ಮುಂದಿರುವ ನಿಜವಾದ ಪರೀಕ್ಷೆ

ತಿಪಟೂರು: ನೆರೆಯ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಘಟಕ 2023ರ ಫೆಬ್ರುವರಿ 6ರಂದು ಲೋಕಾರ್ಪಣೆಗೊಂಡಿತು. ರಕ್ಷಣಾ ಸಚಿವಾಲಯವು 156 ‘ಪ್ರಚಂಡ’ ಹಗುರ ಯುದ್ಧ ಹೆಲಿಕಾಪ್ಟರ್‌ಗಳಿಗಾಗಿ 62,700 ಕೋಟಿ ರೂಪಾಯಿ ಮೌಲ್ಯದ ಒಪ್ಪಂದಕ್ಕೆ 2025ರ ಮಾರ್ಚ್ 28ರಂದು ಸಹಿ ಹಾಕಿತು. ಬೆಂಗಳೂರು ಮತ್ತು ತುಮಕೂರು ಘಟಕಗಳಲ್ಲಿ ಇವು ಸಿದ್ಧಗೊಳ್ಳಲಿವೆ. ಘಟಕದ ಮಾತು ಬಂದಾಗ ಉದ್ಯೋಗ ಹಾಗೂ ಜಮೀನಿನ ಬೆಲೆ ಮುಂಚೂಣಿಗೆ ಬರುವುದು ಸಹಜ. ಆದರೆ ಇಂತಹ ಯಂತ್ರ ದೇಶಕ್ಕೆ ಏಕೆ ಅಗತ್ಯವಾಯಿತು ಎಂಬ ಪ್ರಶ್ನೆಗೆ ಉತ್ತರವಿರುವುದು ಗಾಳಿಯ ಸಾಂದ್ರತೆಯಲ್ಲಿ.

ಸಮುದ್ರಮಟ್ಟದಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 1.225 ಕಿಲೋಗ್ರಾಂ ತೂಗುತ್ತದೆ. 5,000 ಮೀಟರ್ ಎತ್ತರದಲ್ಲಿ ಅದು 0.74 ಕಿಲೋಗ್ರಾಂಗೆ ಇಳಿಯುತ್ತದೆ. ಅಂದರೆ ಶೇ 40ರಷ್ಟು ಗಾಳಿಯೇ ಅಲ್ಲಿಲ್ಲ.

ಗುಂಡಿಗೆ ಲಾಭ

ಬಂದೂಕಿನ ನಳಿಕೆಯಿಂದ ಹೊರಬೀಳುವ ಕ್ಷಣದಲ್ಲಿ ಗುಂಡಿನ ವೇಗವನ್ನು ನಿರ್ಧರಿಸುವುದು ಮದ್ದು, ನಳಿಕೆಯ ಉದ್ದ ಮತ್ತು ಗುಂಡಿನ ತೂಕ. ಎತ್ತರದ ಪ್ರಭಾವ ಇಲ್ಲಿ ನಗಣ್ಯ. ವ್ಯತ್ಯಾಸ ಕಾಣಿಸಿಕೊಳ್ಳುವುದು ನಂತರದ ಹಾದಿಯಲ್ಲಿ. ಗಾಳಿಯ ಪ್ರತಿರೋಧ ಸಾಂದ್ರತೆಗೆ ಅನುಗುಣವಾಗಿರುತ್ತದೆ. ಸೆಕೆಂಡಿಗೆ 800 ಮೀಟರ್ ವೇಗದಲ್ಲಿ ಹೊರಟ ಗುಂಡು ಸಮುದ್ರಮಟ್ಟದಲ್ಲಿ ಒಂದು ನಿರ್ದಿಷ್ಟ ದೂರ ಕ್ರಮಿಸುವಷ್ಟರಲ್ಲಿ 400 ಮೀಟರ್‌ಗೆ ಕುಸಿಯುತ್ತದೆ ಎಂದುಕೊಳ್ಳೋಣ. ಸರಳ ಲೆಕ್ಕದಂತೆ, 5,000 ಮೀಟರ್ ಎತ್ತರದಲ್ಲಿ ಅದೇ ದೂರ ಕ್ರಮಿಸಿದಾಗ ಅದರ ವೇಗ ಸುಮಾರು 525 ಮೀಟರ್ ಉಳಿದಿರುತ್ತದೆ.

ಮರದಿಂದ ಕಳಚಿದ ತೆಂಗಿನಕಾಯಿಯನ್ನು ಎಳೆಯುವ ಭೂಮಿಯೇ ಗುಂಡನ್ನೂ ಎಳೆಯುತ್ತದೆ. ಬೇಗ ಗುರಿ ತಲುಪುವ ಗುಂಡಿಗೆ ಕೆಳಗೆ ಬೀಳಲು ಕಡಿಮೆ ಸಮಯ ಸಿಗುತ್ತದೆ. ಆದ್ದರಿಂದ ಬಯಲು ಸೀಮೆಯಲ್ಲಿ ಹೊಂದಿಸಿದ ಗುರಿಕೊಂಡಿಯನ್ನೇ ನಂಬಿ ದೂರದ ಗುರಿಗೆ ಹಾರಿಸಿದರೆ, ಪರ್ವತದಲ್ಲಿ ಗುಂಡು ಗುರಿಯ ಮೇಲಿನಿಂದ ಹಾದುಹೋಗುತ್ತದೆ. ಇದಕ್ಕೆ ವಿರುದ್ಧವಾಗಿ ಕೆಲಸ ಮಾಡುವುದು ಚಳಿ. ತಣ್ಣನೆಯ ಗಾಳಿ ಹೆಚ್ಚು ಸಾಂದ್ರ. ಮದ್ದು ತಣ್ಣಗಿದ್ದರೆ ಆರಂಭಿಕ ವೇಗವೂ ತಗ್ಗುತ್ತದೆ. ಎತ್ತರ, ಉಷ್ಣಾಂಶ ಎರಡನ್ನೂ ಒಟ್ಟಿಗೆ ಲೆಕ್ಕ ಹಾಕದ ಹೊರತು ಗುರಿ ಸಿಗದು.

1999ರ ಕಾರ್ಗಿಲ್ ಯುದ್ಧ ಈ ಪಾಠವನ್ನು ಕಲಿಸಿತು. ಸಾಮಾನ್ಯವಾಗಿ ಸುಮಾರು 24 ಕಿಲೋಮೀಟರ್ ವ್ಯಾಪ್ತಿಯ ಬೊಫೋರ್ಸ್ ಫಿರಂಗಿಯ ಗುಂಡುಗಳು ತೆಳುಗಾಳಿಯಲ್ಲಿ 30 ಕಿಲೋಮೀಟರ್ ದಾಟಿದವು. ಸೇನೆಗೆ ಇದು ವರವಾದರೂ ತಗ್ಗು ಪ್ರದೇಶಕ್ಕಾಗಿ ಸಿದ್ಧಪಡಿಸಿದ ಕೋಷ್ಟಕಗಳನ್ನು ಅಲ್ಲಿ ಹಾಗೆಯೇ ಬಳಸುವಂತಿರಲಿಲ್ಲ.

ರೋಟರ್‌ಗೆ ನಷ್ಟ

ಗುಂಡಿಗೆ ವರವಾದ ತೆಳುಗಾಳಿ ಹೆಲಿಕಾಪ್ಟರ್‌ಗೆ ಶಾಪ. ರೋಟರ್ ಅಲಗುಗಳು ಯಂತ್ರವನ್ನು ಮೇಲೆತ್ತುವುದು ಗಾಳಿಯನ್ನು ಕೆಳಕ್ಕೆ ತಳ್ಳುವುದರಿಂದ. ಗಾಳಿ ಕಡಿಮೆಯಾದರೆ ಎತ್ತುವ ಬಲ ಕುಗ್ಗುತ್ತದೆ, ಎಂಜಿನ್ ಸಾಮರ್ಥ್ಯವೂ ಇಳಿಯುತ್ತದೆ. ಕಾರ್ಗಿಲ್‌ನಲ್ಲಿ ವಾಯುಪಡೆಯ ಬಳಿಯಿದ್ದ ದಾಳಿ ಹೆಲಿಕಾಪ್ಟರ್‌ಗಳು ಆ ಎತ್ತರದಲ್ಲಿ ಉಪಯೋಗಕ್ಕೆ ಬರಲಿಲ್ಲ. ಬದಲಿಗೆ ಬಳಸಿದ ಸಶಸ್ತ್ರ ಎಂಐ-17 ಹೆಲಿಕಾಪ್ಟರೊಂದು 1999ರ ಮೇ 28ರಂದು ಕ್ಷಿಪಣಿಗೆ ಗುರಿಯಾಗಿ ನಾಲ್ವರು ಯೋಧರು ಹುತಾತ್ಮರಾದರು. ‘ಪ್ರಚಂಡ’ದ ಹಿಂದಿನ ಅಗತ್ಯ ಸ್ಪಷ್ಟವಾದದ್ದು ಈ ಅನುಭವದಿಂದ. 2010ರ ಮಾರ್ಚ್ 29ರಂದು ಮೊದಲ ಬಾರಿಗೆ ಹಾರಿದ ಈ ಯಂತ್ರ, 5,000 ಮೀಟರ್ ಎತ್ತರದಲ್ಲಿ ಇಳಿದು ಮತ್ತೆ ಮೇಲೇರುವ ಸಾಮರ್ಥ್ಯ ಹೊಂದಿದೆ. 20 ಮಿ.ಮೀ. ಫಿರಂಗಿ, 70 ಮಿ.ಮೀ. ರಾಕೆಟ್‌ಗಳು ಇದರ ಆಯುಧಗಳು.

ಆದರೆ ಅಷ್ಟು ಎತ್ತರದಲ್ಲಿ ಇಂಧನ ಹೆಚ್ಚು ಹೊತ್ತರೆ ಮದ್ದುಗುಂಡು ಕಡಿಮೆ, ಮದ್ದುಗುಂಡು ಹೆಚ್ಚಿದರೆ ಹಾರಾಟದ ಅವಧಿ ಕಡಿಮೆ. ಹೀಗಾಗಿ ತಯಾರಿಕೆಯಲ್ಲಿ ಸೇರಿಕೊಳ್ಳುವ ಪ್ರತಿಯೊಂದು ಅನಗತ್ಯ ಕಿಲೋಗ್ರಾಂಗೂ ಗಡಿಯಲ್ಲಿ ಬೆಲೆ ತೆರಬೇಕಾಗುತ್ತದೆ.

ಒಪ್ಪಂದದ ಪ್ರಕಾರ ಪೂರೈಕೆ ಮೂರನೇ ವರ್ಷದಿಂದ ಆರಂಭವಾಗಿ ಐದು ವರ್ಷಗಳಲ್ಲಿ ಮುಗಿಯಬೇಕು. 90 ಯಂತ್ರಗಳು ಭೂಸೇನೆಗೆ, 66 ವಾಯುಪಡೆಗೆ. ಸಮುದ್ರಮಟ್ಟದಿಂದ 800 ಮೀಟರ್ ಆಸುಪಾಸಿನ ಈ ಸೀಮೆಯಲ್ಲಿ ಸಲೀಸಾಗಿ ಮೇಲೇರುವ ಯಂತ್ರ ಸಿಯಾಚಿನ್‌ನಲ್ಲೂ ಮೇಲೇರಬೇಕು. ಘಟಕದ ಯಶಸ್ಸನ್ನು ಸಂಖ್ಯೆಯಿಂದ ಮಾತ್ರ ಅಳೆಯಲಾಗದು. ಜಿಲ್ಲೆಯ ಐಟಿಐ, ಡಿಪ್ಲೊಮಾ ಪದವೀಧರರಿಗೆ ಅಲ್ಲಿ ಸ್ಥಾನ ದೊರೆಯಬೇಕಾದರೆ, ಅಂತಹ ನಿಖರತೆಯ ತರಬೇತಿ ಈಗಿನಿಂದಲೇ ಇಲ್ಲಿ ಸಿಗಬೇಕಿದೆ.